ಆರಿದ್ರಾ ಮಳೆಯ ಕಪ್ಪೆ

ಕೆರೆಗಳಲ್ಲಿ ನಿಜವಾದ ಕಪ್ಪೆ ಹುಡುಕಲು ಇಲಾಖೆ ಕೊಡುವುದು ವರ್ಷಕ್ಕೆ ಒಂದೇ ಕಾಲ, ಆರಿದ್ರಾ ಮಳೆಯ ಹದಿನಾಲ್ಕು ದಿನ. ಅಷ್ಟರಲ್ಲಿ ಒಂದಾದರೂ ಸಿಕ್ಕರೆ ಕೆರೆ ಉಳಿಯುತ್ತದೆ. ಇಲ್ಲವಾದರೆ ಮಣ್ಣು ತುಂಬಿ ಸೈಟು ಮಾಡುತ್ತಾರೆ. ಕೊನೆಯ ದಿನ ಬೆಳಿಗ್ಗೆ, ಅಂಥದೊಂದು ಕೆರೆಯಲ್ಲಿ ಮೀನು ಹಿಡಿಯುವ ಕೆಂಚಪ್ಪ ಕಪ್ಪೆ ಸಿಕ್ಕಿತೆಂದು ಇಲಾಖೆಯ ತಪಾಸಣಾಧಿಕಾರಿ ಇಂದುಮತಿಯನ್ನು ಕರೆಸಿದ.

ಅವಳಿಗೆ ನಂಬಿಕೆ ಬರಲಿಲ್ಲ. ಪೇಟೆಯಲ್ಲಿ ಯಂತ್ರದ ಕಪ್ಪೆಗಳು ಬೇಕಾದಷ್ಟು ಸಿಗುತ್ತವೆ. ಅವೂ ಜಿಗಿಯುತ್ತವೆ, ವಟಗುಟ್ಟುತ್ತವೆ, ನೊಣವನ್ನೂ ಹಿಡಿಯುತ್ತವೆ.

"ಕೈಗೆ ತಗಳಿ ಮೇಡಂ, ಅನುಮಾನ ಯಾಕೆ? ನಿಜವಾದ್ದು ಹಿಡಿದ ತಕ್ಷಣ ಉಚ್ಚೆ ಹೊಯ್ತದೆ. ಯಂತ್ರಕ್ಕೆ ಎಲ್ಲಿಂದ ಬರ್ಬೇಕು?" ಎಂದ ಕೆಂಚಪ್ಪ.

ಹಿಡಿದಳು. ಕಪ್ಪೆ ತಣ್ಣಗಿತ್ತು, ಜಾರುತ್ತಿತ್ತು. ಮರುಕ್ಷಣವೇ ಅಂಗೈ ಒದ್ದೆಯಾಯಿತು.

"ನೋಡಿದ್ರಾ!" ಎಂದು ಕೆಂಚಪ್ಪ ಚಪ್ಪಾಳೆ ತಟ್ಟಿದ.

ಇಂದುಮತಿ ಅಂಗೈಯನ್ನು ಮೂಗಿನ ಹತ್ತಿರ ತಂದಳು. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ವಾಸನೆ. ಅವಳು ತಲೆ ಎತ್ತಿದಾಗ ಕೆಂಚಪ್ಪ ನೆಲ ನೋಡುತ್ತಿದ್ದ.

ಅವಳು ಸುತ್ತಲೂ ಒಮ್ಮೆ ನೋಡಿ ಕಪ್ಪೆಯನ್ನು ಅವನ ಕೈಗಿಟ್ಟಳು.

"ಸಂಜೆ ಮೇಲಿನ ಸಾಹೇಬ್ರು ಬರ್ತಾರೆ, ಕೆಂಚಪ್ಪಣ್ಣ. ಅಷ್ಟರೊಳಗೆ ಇದಕ್ಕೆ ಕೆರೆ ನೀರು ತುಂಬಿಸಿ."