ಅನಾಹುತ ಮಾತ್ರ

ಮನೆಯಲ್ಲಿ ನಡೆದದ್ದನ್ನೆಲ್ಲ ವೈಫೈ ಡಬ್ಬಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಬೇಕೆಂಬ ಕಾನೂನು ಬಂದಮೇಲೆ ಧಾರವಾಡದ ಮಂದಾಕಿನಿಗೆ ನೆಮ್ಮದಿಯೇ ಇರಲಿಲ್ಲ. ಹಾಲು ಉಕ್ಕಿದರೂ ಒದರುತ್ತಿತ್ತು, ಹಲ್ಲಿ ಬಿದ್ದರೂ ಒದರುತ್ತಿತ್ತು. ಇವತ್ತಂತೂ ಪಕ್ಕದ ಮನೆಯ ಕವಿ ಗುರುಪಾದಪ್ಪನವರು ಹೊಸ ಪದ್ಯ ಓದಲು ಬರುವವರಿದ್ದರು. ಡಬ್ಬಿ ಅವರೆದುರು ಮಾನ ಕಳೆಯಬಾರದೆಂದು ಅವಳು ಸ್ಟೂಲು ಹತ್ತಿ, 'ಎಲ್ಲವನ್ನೂ ಬರೆ' ಎಂದಿದ್ದ ಗುಂಡಿಯನ್ನು 'ಅನಾಹುತ ಮಾತ್ರ' ಎಂಬಲ್ಲಿಗೆ ತಿರುಗಿಸಿದಳು.

"ಬರ್ರಿ ಕಾಕಾ, ಕೂಡ್ರಿ. ಚಾ ಮಾಡ್ಕೊಂಡ ಬರ್ತೀನಿ," ಎಂದು ಒಳಗೆ ಹೋದವಳು ಚಹಾ ಹಿಡಿದು ಹೊರಬಂದದ್ದು ಪದ್ಯಗಳೆಲ್ಲ ಮುಗಿದ ಮೇಲೆಯೇ.

ಆಗ ಡಬ್ಬಿ ಗಂಟಲು ಸರಿಮಾಡಿಕೊಂಡಿತು. "ಅನಾಹುತ! ಕವಿಗಳು ಬಂದರು. ಮನೆಮಂದಿಯ ನಾಲ್ಕು ಫೋನು ಹಿತ್ತಲಿನಿಂದ ಪರಾರಿ. ಐದನೆಯದು ಚಹಾದ ನೆಪದಲ್ಲಿ ಒಂದು ತಾಸು ಅಡುಗೆಮನೆಯಲ್ಲಿ ಅಡಗಿತ್ತು. ಹನ್ನೆರಡೂ ಪದ್ಯ ಕೇಳಿದವನು ನಾನೊಬ್ಬನೇ. ಏಳನೆಯದಕ್ಕೆ ಅಳು ಬಂತು."

ಮಂದಾಕಿನಿ ಅವಸರದಿಂದ ಚಹಾದ ಕಪ್ಪು ಮುಂದೆ ಹಿಡಿದಳು. ಗುರುಪಾದಪ್ಪನವರು ಅವಳತ್ತ ನೋಡಲೂ ಇಲ್ಲ. ಕುರ್ಚಿಯನ್ನು ಡಬ್ಬಿಯ ಕಡೆ ತಿರುಗಿಸಿಕೊಂಡು ಕೂತರು.

"ಏಳನೇದು ಇನ್ನೊಮ್ಮೆ ಓದ್ಲೇನೋ ತಮ್ಮಾ?"

ಅವತ್ತು ಸಂಜೆಯವರೆಗೂ ಆ ಮನೆಯಲ್ಲಿ ಯಾರಿಗೂ ನೆಟ್ ಸಿಗಲಿಲ್ಲ.