ಹಿಮಗಾಳಿಯ ಜೊತೆಗಾರ

ಅಮೆರಿಕದ ಒಂದು ಊರಿನ ಬಾಡಿಗೆ ಕಟ್ಟಡದ ಒಂದು ಮನೆಯಲ್ಲಿ ಇವನೊಬ್ಬನೇ ವಾಸವಿದ್ದ. ಬ್ಲ್ಯಾಕ್ ಮೆಟಲ್ ಎಂಬ ಸಂಗೀತದ ಗಾಯಕ. ಗಾಯನವೆಂದರೆ ಮನುಷ್ಯಕುಲವನ್ನು ಶಪಿಸುತ್ತ ಗಂಟಲು ಹರಿಯುವಂತೆ ಕಿರುಚುವುದು. ಗಿಟಾರ್ ನುಡಿಸುವ ಜೊತೆಗಾರ ತಾನು ಹಿಮಬೆಟ್ಟದ ಗುಡಿಸಲಲ್ಲಿರುವುದಾಗಿ ಬರೆದಿದ್ದ. ತಾನು ಗೊಂಡಾರಣ್ಯದಲ್ಲಿದ್ದೇನೆಂದು ಇವನೂ ಬರೆದಿದ್ದ. ಮನುಷ್ಯರೆಂದರೆ ಇಬ್ಬರಿಗೂ ಅಸಹ್ಯ. ಹಾಗಾಗಿ ಪರಸ್ಪರ ಮುಖ ನೋಡಬಾರದು, ಮಾತಾಡಬಾರದು ಎಂದು ಕರಾರು. ಇವನ ಕಿರುಚಾಟವೂ ಅವನ ಗಿಟಾರೂ ಇಂಟರ್‌ನೆಟ್ಟಿನಲ್ಲೇ ಕೂಡಿಕೊಳ್ಳುತ್ತಿದ್ದವು. ಆ ಗಿಟಾರ್ ಕೇಳಿದರೆ ಹಿಮಗಾಳಿ ಬೀಸಿದಂತಾಗಿ ಇವನ ಕಣ್ಣು ಒದ್ದೆಯಾಗುತ್ತಿತ್ತು.

ಕಾಟವೆಂದರೆ ಪಕ್ಕದ ಮನೆಯವನದು. ಗೋಡೆಯಾಚೆಯಿಂದ ಸದಾ ಗುಂಯ್ ಎಂಬ ಸದ್ದು. ಕೊನೆಗೆ ಇವನು ಹೋಗಿ ಬಾಗಿಲು ಬಡಿದ.

“ಏನ್ರೀ ಅದು, ಮನೇಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀರಾ?”

“ಮೊದ್ಲು ನೀವು ಹಂದಿ ಕುಯ್ಯೋದು ನಿಲ್ಸಿ, ಆಮೇಲೆ ಮಾತಾಡೋಣ,” ಎಂದು ಅವನು ಬಾಗಿಲು ಹಾಕಿಕೊಂಡ.

ಇವನು ನೇರ ಕಟ್ಟಡದ ಒಡತಿಯ ಬಳಿಗೆ ಹೋದ. “ಒಂದೋ ಅವನಿರಬೇಕು, ಇಲ್ಲಾ ನಾನಿರಬೇಕು.”

“ಅವರೂ ಈಗಷ್ಟೇ ಇದೇ ಮಾತು ಹೇಳಿ ಹೋದ್ರು,” ಎಂದಳು ಒಡತಿ. “ನೀವು ಹಳಬರು, ಇರಿ. ಅವರಿಗೆ ಖಾಲಿ ಮಾಡೋಕೆ ಹೇಳ್ತೀನಿ.”

ತಿಂಗಳ ಕೊನೆಗೆ ಗೋಡೆಯಾಚೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿ ಇವನಿಗೆ ಹಬ್ಬವಾಯಿತು. ಪೀಡೆ ತೊಲಗಿತು, ಇನ್ನು ನೆಮ್ಮದಿಯಾಗಿ ಆಲ್ಬಂ ಮುಗಿಸಬಹುದು. ಈ ಸಂತೋಷ ಅರ್ಥವಾಗುವ ಜೀವ ಲೋಕದಲ್ಲಿ ಒಂದೇ ಇತ್ತು. ಕರಾರು ಮುರಿದು, ತುರ್ತಿಗಿರಲೆಂದು ಜೊತೆಗಾರ ಎಂದೋ ಬರೆದು ಕಳಿಸಿದ್ದ ನಂಬರನ್ನು ಮೊದಲ ಸಲ ಒತ್ತಿದ.

ಪೆಟ್ಟಿಗೆ ಎಳೆಯುವ ಸದ್ದು ನಿಂತಿತು. ಗೋಡೆಯಾಚೆ ಫೋನ್ ರಿಂಗಾಗುತ್ತಿತ್ತು.