ಕಲಸಿದ ಆಯಸ್ಸು

"ಏನಂದೆ? ಇನ್ನೊಂದ್ಸಲ ಹೇಳು!" ದಂಡಾಧಿಕಾರಿಯ ಕೂಗಿಗೆ ಆಸ್ಪತ್ರೆಯ ನಾಲ್ಕೂ ಮಹಡಿ ನಡುಗಿದವು.

"ಕಲಸಿದೆ ಸಾರ್," ಎಂದಳು ಪಕ್ಕದ ಮೇಜಿನ ಸಂಶೋಧಕಿ. ಹಿಡಿದ ಪಟ್ಟು ಬಿಡದ ಅವಳನ್ನು ಎಲ್ಲರೂ ಮೊಂಡಿ ಎನ್ನುತ್ತಿದ್ದರು. "ರೋಗಿಗಳ ಆಯಸ್ಸನ್ನ ಇಸ್ಪೀಟೆಲೆ ಥರ ಕಲಸಿ, ಒಬ್ಬರದ್ದು ಇನ್ನೊಬ್ಬರಿಗೆ ಅಂಟಿಸಿದೆ. ಆಮೇಲೆ ನೀವು ಮಾಡಿದ ಹಾಗೇ ಎಲ್ಲಾ ಮಾಡಿದೆ. ಆ ಸುಳ್ಳು ಆಯಸ್ಸಿಗೂ ನಿಮ್ಮ ಮಾಡೆಲ್ ಅಷ್ಟೇ ಚೆನ್ನಾಗಿ ಭವಿಷ್ಯ ಹೇಳ್ತು."

ಆಸ್ಪತ್ರೆಯ ಸಂಖ್ಯಾಶಾಸ್ತ್ರಜ್ಞನಾದ ದಂಡಾಧಿಕಾರಿ ಸಾಮಾನ್ಯನಲ್ಲ. ಲೋಕದ ಸಂಖ್ಯಾಶಾಸ್ತ್ರಜ್ಞರನ್ನೆಲ್ಲ ತಕ್ಕಡಿಯ ಒಂದು ಕಡೆಗಿಟ್ಟು, ಅವನ ಕಿರುಬೆರಳನ್ನು ಇನ್ನೊಂದು ಕಡೆಗಿಟ್ಟರೆ ಕಿರುಬೆರಳೇ ತೂಗೀತು. ಇದು ಅವನದೇ ಮಾತು, ನಾನು ಸ್ವಲ್ಪ ಕಡಿಮೆ ಮಾಡಿಯೇ ಬರೆದಿದ್ದೇನೆ. ನೂರು ಚಿಲ್ಲರೆ ಕ್ಯಾನ್ಸರ್ ರೋಗಿಗಳು, ಒಬ್ಬೊಬ್ಬರಿಗೂ ಇಪ್ಪತ್ತು ಸಾವಿರ ಜೀನ್‌ಗಳ ಅಳತೆ. ಇವುಗಳಲ್ಲಿ ಆಯಸ್ಸು ತಿನ್ನುವ ಜೀನ್ ಯಾವುದು? ಆಯಸ್ಸು ಊಹಿಸುವ ಸೂತ್ರದೊಳಗೆ, ಅಂದರೆ ಅವನ ಮಾಡೆಲ್‌ನೊಳಗೆ, ಕಾಲಿಡುವ ಪ್ರತಿ ಜೀನ್‌ಗೂ ಅವನು ದಂಡ ಹಾಕುತ್ತಿದ್ದ. ದಂಡ ತೆರುವ ಯೋಗ್ಯತೆ ಇಲ್ಲದವು ಸೊನ್ನೆಯಾಗಿ ಉದುರುತ್ತಿದ್ದವು. ದಂಡಾಧಿಕಾರಿ ಎಂಬ ಅಡ್ಡಹೆಸರು ಬಂದದ್ದೇ ಹಾಗೆ. ಉಳಿದ ಒಂಬತ್ತನ್ನು ಕಳೆದ ವಾರ ವೈದ್ಯರ ಸಭೆಯಲ್ಲಿ ಹೆತ್ತ ಮಕ್ಕಳಂತೆ ಮೆರೆಸಿದ್ದ. ಚಪ್ಪಾಳೆಯ ರಭಸಕ್ಕೆ ಫ್ಯಾನು ಹಿಂದುಮುಂದಾಗಿ ತಿರುಗಿತಂತೆ.

"ಜೀನ್ ಆರಿಸೋವಾಗ ಎಲ್ಲರನ್ನೂ ನೋಡಿದ್ರಾ?" ಮೊಂಡಿ ಬಿಡಲಿಲ್ಲ. "ಮಾಡೆಲ್ ಸರಿಯಾ ಅಂತ ಪರೀಕ್ಷೆ ಮಾಡೋಕೆ ಪಕ್ಕಕ್ಕಿಟ್ಟ ರೋಗಿಗಳನ್ನೂ?"

"ಇಪ್ಪತ್ತು ಸಾವಿರ ಜಾಸ್ತಿ ಆಯ್ತು ಅಂತ... ಮೊದಲೇ ಐನೂರಕ್ಕೆ ಇಳಿಸ್ಕೊಂಡೆ."

"ಎಲ್ಲರನ್ನೂ ನೋಡಿ?"

ಹೌದೆಂದು ಅವನು ತಲೆಯಾಡಿಸಿದ. ಉತ್ತರ ಇಣುಕಿ ನೋಡಿ ಪರೀಕ್ಷೆ ಬರೆದು, ನೂರಕ್ಕೆ ತೊಂಬತ್ತು ಬಂತೆಂದು ಊರೆಲ್ಲ ಡಂಗುರ ಸಾರಿದ್ದ. ಅವನ ಕಿವಿಗಳು ಎಷ್ಟು ಕೆಂಪಾದವೆಂದರೆ ಅವುಗಳ ಬೆಳಕಿನಲ್ಲಿ ಪುಸ್ತಕ ಓದಬಹುದಿತ್ತು.

ಆದರೆ ಅವನನ್ನು ಮಧ್ಯಾಹ್ನವೇ ಮನೆಗೆ ಓಡಿಸಿದ್ದು ಸಭೆಯ ನೆನಪಲ್ಲ, ಅಕ್ಕನ ನೆನಪು. ಅವಳ ಗಡ್ಡೆಯ ಜೀನ್‌ಗಳ ಅಳತೆಯನ್ನೂ ಅದೇ ಸೂತ್ರಕ್ಕೆ ಹಾಕಿ, "ನೂರು ವರ್ಷ ಗಟ್ಟಿ, ಹೋಗೇ!" ಎಂದಿದ್ದ. ಅವಳು ಅದನ್ನೇ ನಂಬಿ, ನಾಳೆ ಶುರುವಾಗಬೇಕಿದ್ದ ಎರಡನೇ ಸುತ್ತಿನ ಕೀಮೋ ಬೇಡವೆಂದು ಡಾಕ್ಟರಿಗೆ ಹೇಳಿಬಿಟ್ಟಿದ್ದಳು.

ಅಕ್ಕ ಕಿಟಕಿಯ ಬಳಿ ಕೂತು, ಬೆರಳುದ್ದವೂ ಇಲ್ಲದ ಕೂದಲು ಬಾಚುತ್ತಿದ್ದಳು. "ನೋಡೋ, ಬಾಚಣಿಗೆಗೆ ಸಿಗೋಷ್ಟಾಯ್ತು! ಏನಿಷ್ಟು ಬೇಗ ಬಂದೆ?"

"ಅಕ್ಕ, ನನ್ನ ಲೆಕ್ಕ ತಪ್ಪು."

ಬಾಚಣಿಗೆ ನಿಂತಿತು. "ಕೆಟ್ಟದ್ದು ಬಂತಾ?"

"ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ. ನಿನ್ನ ವಿಷಯ ನನ್ನ ಮಾಡೆಲ್‌ಗೆ ಏನೇನೂ ಗೊತ್ತಿಲ್ಲ. ಕೀಮೋ ತಗೊಳ್ಳೇ, ನಿನ್ನ ಕಾಲಿಗೆ ಬೀಳ್ತೀನಿ." ಲೋಕವನ್ನೇ ತೂಗುತ್ತಿದ್ದ ಕಿರುಬೆರಳು ಅವಳ ಪಾದ ಮುಟ್ಟಿತು.

ಅಕ್ಕ ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ಒಂದೇ ಒಂದು ಕೂದಲನ್ನು ಬಿಡಿಸಿ ತೆಗೆದಳು. ಬಾಚಣಿಗೆಯನ್ನು ಡ್ರಾಯರಿನ ತಳಕ್ಕಿಟ್ಟು ಮುಚ್ಚಿದಳು. ಆಮೇಲೆ ಫೋನನ್ನು ಅವನ ಮುಂದಕ್ಕೆ ಸರಿಸಿದಳು.

"ನನಗೇನೋ ಹೇಳಿದೆ. ಅವತ್ತು ಚಪ್ಪಾಳೆ ಹೊಡೆದ್ರಲ್ಲ ಡಾಕ್ಟರುಗಳು, ಅವರ ಹತ್ರ ಹೋಗೋ ಅಕ್ಕಂದಿರಿಗೆ ಯಾರು ಹೇಳ್ತಾರೋ?"